ಅಂಬಮ್ಮನ ಪಾಲಿನ ನೀರು

ನನ್ನ ನೆಗೆಣ್ಣಿ ಕರೆಮ್ಮನಿಗೆ ಹಾಲು ಒಡೆದರೂ ದೆವ್ವ, ಬೆಕ್ಕು ಸೀನಿದರೂ ದೆವ್ವ. ನಾನು ನಗುತ್ತಿದ್ದೆ. ಎಂಬತ್ತಾರರ ಬೇಸಿಗೆಯಲ್ಲಿ ಆ ನಗು ನಿಂತಿತು.

ಅದರ ಹಿಂದಿನ ಬೇಸಿಗೆಯಲ್ಲಿ ಅವಳ ತಾಯಿ ಅಂಬಮ್ಮ ಸಾಯುತ್ತಿದ್ದಳು. ಕರೆಮ್ಮ ಐದು ವರ್ಷದ ಮಗಳು ಕನಕಿಯನ್ನು ಕರೆದುಕೊಂಡು ಲಿಂಗಸುಗೂರಿನ ಆಚೆಯ ತವರಿಗೆ ಹೋದಳು. ಎಲ್ಲರೂ ಮುದುಕಿಯ ಬಾಯಿಗೆ ನೀರು ಬಿಟ್ಟರು. ಕನಕಿಯ ಸರದಿ ಬಂದಾಗ ಮುದುಕಿಗೆ ಗುಟುಕು ಇಳಿಯಲಿಲ್ಲ. ಬಾಯಾರಿದ್ದ ಮಗು ಲೋಟದ ನೀರನ್ನು ತಾನೇ ಕುಡಿದುಬಿಟ್ಟಿತು.

ಅಂಬಮ್ಮನ ವರ್ಷದ ಎಡೆಯ ದಿನವೇ ಕನಕಿಯ ಹಿಮ್ಮಡಿಯ ಮೇಲೆ ಗುಳ್ಳೆ ಎದ್ದಿತು. ಕೆಂಡ ಇಟ್ಟಂಥ ಉರಿ.

"ನಮ್ಮವ್ವ ಬಂದಾಳ," ಅಂದಳು ಕರೆಮ್ಮ. "ಆಕಿ ಪಾಲಿನ ನೀರು ಇಕಿ ಕುಡದಾಳಲ್ಲ."

"ಒಂದು ಲೋಟ ನೀರಿಗೆ ಯಾರರ ತಿರುಗಿ ಬರ್ತಾರೇನ ಬೇ?" ಅಂದೆ. ಅವಳು ಕೇಳಬೇಕಲ್ಲ. ದಿನಾ ಬೆಳಗ್ಗೆ ನಮ್ಮೂರ ಮೆಟ್ಟಿಲ ಬಾವಿಯಲ್ಲಿ ತಾಯಿಯ ಹೆಸರಿಗೆ ಒಂದು ಚೊಂಬು ನೀರು ಬಿಟ್ಟು, ಮಗಳ ಕಾಲನ್ನು ನೀರಿಗೆ ಇಳಿಬಿಟ್ಟು ಕೂರಿಸುತ್ತಿದ್ದಳು. ಕಾಲು ಮುಳುಗಿದ ಕೂಡಲೇ ಅಳು ನಿಲ್ಲುತ್ತಿತ್ತು. ಅದನ್ನು ಕಂಡು ನನಗೂ ಮೈ ಜುಂ ಅಂದಿತು.

ಅಮಾವಾಸ್ಯೆಯ ಹೊತ್ತಿಗೆ ಹುಣ್ಣಿನಿಂದ ಬಿಳಿ ದಾರದಂಥದ್ದು ಇಣುಕಿತು. ಮಗುವನ್ನು ಹೊತ್ತು ಮಸ್ಕಿಗೆ ಹೋದೆವು.

"ನಾರುಹುಳ," ಅಂದರು ಡಾಕ್ಟರು. "ಹೋದ ವರ್ಷ ಯಾವೂರಾಗ ನೀರು ಕುಡದಾಳ?"

ಕರೆಮ್ಮ ತವರಿನ ಹೆಸರು ಹೇಳಿದಳು.

"ಅದ ಮತ್ತ. ಅಲ್ಲಿ ಕುಡದದ್ದು ವರ್ಷಕ್ಕ ಕಾಲಾಗ ಹೊರಬೀಳತೈತಿ." ಹುಳವನ್ನು ಕಡ್ಡಿಗೆ ಸುತ್ತಿ, ದಿನಾ ಇಷ್ಟಿಷ್ಟೇ ಎಳೆಯಲು ಕಲಿಸಿದರು.

ಅವ್ವ ಬಂದಿಲ್ಲವೆಂದು ಕರೆಮ್ಮನ ಮುಖ ಅರಳಿತು. "ನಮ್ಮೂರ ಬಾವ್ಯಾಗ ಕಾಲಿಟ್ರ ತಣ್ಣಗಾಗತಿತ್ತು ನೋಡ್ರೀ," ಅಂದಳು.

ಡಾಕ್ಟರ ಕೈ ನಿಂತಿತು. "ಕುಡಿಯೋ ಬಾವ್ಯಾಗೇನು? ನೀರು ಮುಟ್ಟಿದ ಕೂಡಲೇ ಹುಳ ಮರಿ ಬಿಡತೈತಿ, ಯವ್ವಾ."

ಊರಿಗೆ ಬಂದವಳೇ ಕರೆಮ್ಮ ಅವ್ವನ ಸೀರೆ ಹರಿದು, ನೀರು ಸೋಸಲು ಮನೆಮನೆಗೂ ಅರಿವೆ ಹಂಚಿದಳು. ನಾನೂ ಸೋಸಿದೆ. ಆದರೆ ನನ್ನ ಮಗ ದ್ಯಾವಪ್ಪ, ನಾಲ್ಕು ವರ್ಷದವನು, ಕನಕಿಯ ಪಕ್ಕ ಅದೇ ಮೆಟ್ಟಿಲ ಮೇಲೆ ಆಡುತ್ತ ಬೊಗಸೆ ಬೊಗಸೆ ನೀರು ಕುಡಿದಿದ್ದ. ಡಾಕ್ಟರನ್ನು ಕೇಳಿದರೆ, ಈಗ ಏನೂ ಕಾಣುವುದಿಲ್ಲ, ಒಂದು ವರ್ಷ ಕಾಯಬೇಕು ಅಂದರು.

ಕಾದೆ. ಮಲಗಿದ ಮಗನ ಕಾಲನ್ನು ದಿನಾ ಸವರಿದೆ. ದೆವ್ವ ನಂಬದ ನಾನು ಅಂಬಮ್ಮನ ಎಡೆಯ ದಿನ ಹತ್ತಿರ ಬಂದಂತೆ ಅನ್ನ ಬಿಟ್ಟೆ. ಎಡೆ ಮುಗಿಯಿತು, ಏನೂ ಆಗಲಿಲ್ಲ. ಅವತ್ತು ನಾನೂ ಕರೆಮ್ಮನೂ ಹೋಳಿಗೆ ತಿಂದು ನಕ್ಕೆವು.

ಮುಂದಿನ ವಾರ ದ್ಯಾವಪ್ಪ ಕುಂಟುತ್ತ ಬಂದ.

"ಯವ್ವಾ, ಕಾಲು ಉರಿಯಾಕತ್ತೈತಿ. ಕನಕಿ ಕುಂತಿದ್ಲಲ್ಲ, ಹಂಗ ನನ್ನೂ ಬಾವ್ಯಾಗ ಕುಂದ್ರಸು."

ಚೊಂಬಿನಿಂದ ನೀರು ಸುರಿದೆ. ಅವನಿಗೆ ಅದು ಸಾಲದು, ಬಾವಿಯೇ ಬೇಕು. ಬಾಗಿಲಿಗೆ ಅಗಳಿ ಹಾಕಿ ಅವನನ್ನು ತೊಡೆಯ ಮೇಲೆ ಬಿಗಿಯಾಗಿ ಹಿಡಿದು ಕೂತೆ. ಅತ್ತು ಅತ್ತು ದನಿ ಬಿದ್ದುಹೋದರೂ ಬಿಡಲಿಲ್ಲ.