ಗೋಲಿಲ್ಲದ ಮೈದಾನ

ಕೋಪ ನನ್ನ ಮೂಗಿನ ತುದಿಯಲ್ಲೇ ಇರುತ್ತದೆ, ಒಪ್ಪಿಕೊಳ್ಳುತ್ತೇನೆ. ಹದಿನೆಂಟು ವರ್ಷ ಒಲೆಯ ಬಿಸಿಗೆ ಮುಖ ಕೊಟ್ಟು ಕಂಡವರ ಮಕ್ಕಳಿಗೆಲ್ಲ ಹುಟ್ಟುಹಬ್ಬದ ಕೇಕ್ ಮಾಡಿದವಳಿಗೆ ತಾಳ್ಮೆ ಎಲ್ಲಿಂದ ಬರಬೇಕು? ಆದರೆ ಆ ದಿನದ ಕೋಪವೇ ಬೇರೆ. ಯಾರಾದರೂ ಕೈಗೆ ಸಿಕ್ಕಿದ್ದರೆ ಲಟ್ಟಣಿಗೆಯಲ್ಲೇ ವಿಚಾರಿಸಿಕೊಳ್ಳುತ್ತಿದ್ದೆ.

ತಮ್ಮನ ಮಗಳು ಪುಟ್ಟಿಗೆ ಅಂದು ಒಂಬತ್ತು ತುಂಬಿತ್ತು. ಸಂಜೆ ನಾಲ್ಕಕ್ಕೆ ಅವಳ ಫುಟ್‌ಬಾಲ್ ತಂಡದ ಮಕ್ಕಳೆಲ್ಲ ನನ್ನ ಬೇಕರಿಯ ಹಿಂದಿನ ಅಂಗಳಕ್ಕೆ ಬರುವವರಿದ್ದರು. ಪುಟ್ಟಿ ಬೆಳಿಗ್ಗೆಯೇ ಬಂದು ಎತ್ತರದ ಸ್ಟೂಲಿನ ಮೇಲೆ ಕೂತು, ಚೆಂಡಿನಂಥ ಬಿಸ್ಕತ್ತುಗಳಿಗೆ ಕಪ್ಪು ಚುಕ್ಕೆ ಇಡುತ್ತಿದ್ದಳು. ತಂಡದ ಅಂಗಿಯ ಆಕಾರದ ಬಿಸ್ಕತ್ತುಗಳು ಆಗಲೇ ತಯಾರಾಗಿದ್ದವು, ಒಂದೊಂದರ ಮೇಲೂ ಒಬ್ಬೊಬ್ಬರ ನಂಬರು. ಸೀಟಿಯ ಆಕಾರದ ಚಾಕೊಲೇಟು ಅಚ್ಚಿನಲ್ಲಿ ಗಟ್ಟಿಯಾಗುತ್ತಿತ್ತು. ಕೇಕೇ ಮೈದಾನ. ಹಸಿರು ಕ್ರೀಮನ್ನು ಸಣ್ಣ ತೂತುಗಳ ಕೊಳವೆಯಿಂದ ಒತ್ತಿ ಒತ್ತಿ ಹುಲ್ಲು ಎಬ್ಬಿಸಿದ್ದೆ. ಗೋಲಿನ ಕಂಬಗಳನ್ನು ಸಕ್ಕರೆ ಕಣಕದಲ್ಲಿ ಹೊಸೆದು ಮೂರು ದಿನ ಒಣಗಿಸಿದ್ದೆ. ಆತುರ ಪಟ್ಟರೆ ಅವು ನಿಲ್ಲುವುದಿಲ್ಲ, ಬಾಗಿ ಬೀಳುತ್ತವೆ.

ಕಂಬ ನೆಡಲು ಕೈಗೆತ್ತಿಕೊಂಡಾಗ ಪುಟ್ಟಿ ತಲೆ ಎತ್ತದೆ ಹೇಳಿದಳು. "ಅತ್ತೆ, ಗೋಲು ಬೇಡ."

"ಗೋಲಿಲ್ಲದ ಮೈದಾನ ಎಲ್ಲಾದ್ರೂ ಉಂಟೇನೇ? ಮೂರು ದಿನ ಒಣಗ್ಸಿದೀನಿ!"

"ಬೇಡ ಅಂದ್ರೆ ಬೇಡ."

ಆಗಲೇ ಅವಳ ಕಾಲ ಬಳಿಯಿದ್ದ ಚೀಲ ಕಣ್ಣಿಗೆ ಬಿತ್ತು. ಒಳಗೆ ಅವಳ ಗೋಲ್‌ಕೀಪರ್ ಗ್ಲೌಸು. ಅದನ್ನು ತಲೆದಿಂಬಿನ ಕೆಳಗಿಟ್ಟುಕೊಂಡು ಮಲಗುವ ಹುಡುಗಿ ಇವಳು.

"ಇದ್ಯಾಕೆ ತಂದೆ?"

"ಕುರ್ಚಿ ಆಟದಲ್ಲಿ ಗೆದ್ದೋರಿಗೆ ಬಹುಮಾನ. ನಾನಿನ್ನು ಆಡಲ್ಲ."

ಹದಿನೈದು ದಿನದ ಹಿಂದಿನ ಮ್ಯಾಚಿಗೆ ನಾನೂ ಹೋಗಿದ್ದೆ, ಗಂಟಲು ಬಿದ್ದುಹೋಗುವಷ್ಟು ಕೂಗಿದ್ದೆ. ಆರು ಗೋಲು ಬಿಟ್ಟಿದ್ದಳು, ನಿಜ. ಆರು ಗೋಲಿಗೆ ಆಟವನ್ನೇ ಬಿಡುವುದೇ? ಕೆದಕಿ ಕೆದಕಿ ಕೇಳಿದೆ. ಕೊನೆಗೆ ಬಿಸ್ಕತ್ತಿಗೆ ಹೇಳುವವಳ ಹಾಗೆ ಹೇಳಿದಳು.

"ಎಲ್ರೂ ನನ್ನ ಜರಡಿ ಅಂತಾರೆ. ಕ್ಲಾಸಲ್ಲಿ, ಬಸ್ಸಲ್ಲಿ, ಎಲ್ಲಾ ಕಡೆ. ಗ್ಲೌಸ್ ಹಾಕ್ಕೊಂಡ್ರೆ ಸಾಕು, ಜರಡಿ ಬಂದ್ಳು ಜರಡಿ ಬಂದ್ಳು ಅಂತ."

ಸಕ್ಕರೆ ಪುಡಿಗೆಂದು ನಾನು ಹಿಡಿದಿದ್ದ ಜರಡಿಯನ್ನು ಅವಳು ಬೆಳಗಿನಿಂದ ಓರೆಗಣ್ಣಲ್ಲಿ ನೋಡುತ್ತಿದ್ದುದರ ಅರ್ಥ ಆಗ ಆಯಿತು. ಅದನ್ನು ತೊಟ್ಟಿಗೆ ಬಿಸಾಡಿದೆ. ನೆತ್ತಿಯವರೆಗೆ ಬೆಂಕಿ ಹತ್ತಿಕೊಂಡಿತು.

"ಯಾರು ಶುರು ಮಾಡಿದ್ದು? ಹೆಸರು ಹೇಳು. ನಾಲಿಗೆ ಕಿತ್ತು ಕೈಗೆ ಕೊಡ್ತೀನಿ!"

"ಗೊತ್ತಿಲ್ಲ."

"ಗೊತ್ತು ನಿಂಗೆ. ಆ ಕೋಚಾ? ನಿಮ್ಮಪ್ಪನಾ? ಅವನಿಗೆ ತಮಾಷೆ ಜಾಸ್ತಿ."

"ಗೊತ್ತಿಲ್ಲ ಅಂದ್ನಲ್ಲ ಅತ್ತೆ."

ಅವಳ ಕಣ್ಣು ತುಂಬಿತು. ಚುಕ್ಕೆ ಚೆಂಡಿನಿಂದಾಚೆ ಜಾರಿತು. ನಾನು ಹಿಟ್ಟಿನ ಕೈಯಲ್ಲೇ ತಮ್ಮನಿಗೆ ಫೋನ್ ಮಾಡಿ ಉಗಿದೆ. ಅಪ್ಪ ಅನಿಸಿಕೊಂಡವನು ಕಣ್ಣು ಮುಚ್ಚಿಕೊಂಡು ಕೂತಿದ್ದೀಯಾ, ಮಗಳು ಬಸ್ಸಿನಲ್ಲಿ ಏನು ಅನುಭವಿಸುತ್ತಾಳೆ ಎಂಬ ಖಬರಾದರೂ ಇದೆಯಾ, ಆ ಹೆಸರಿಟ್ಟ ಪಾಪಿಯನ್ನು ಸಂಜೆಯೊಳಗೆ ನನ್ನ ಮುಂದೆ ತಂದು ನಿಲ್ಲಿಸು ಎಂದೆ. ಅವನು ಒಂದು ತಮಾಷೆಯನ್ನೂ ಮಾಡದೆ, "ಬರ್ತೀನಿ" ಎಂದು ಫೋನಿಟ್ಟ. ಅದು ಅವನ ಸ್ವಭಾವವಲ್ಲ.

ಅರ್ಧ ಗಂಟೆಯಲ್ಲಿ ಬಂದ. ಪುಟ್ಟಿಯನ್ನು ಬಲೂನು ಕಟ್ಟಲು ಅಂಗಳಕ್ಕೆ ಕಳಿಸಿ, ಬಾಗಿಲು ಮುಂದೆ ಮಾಡಿದ.

"ಅಕ್ಕಾ, ಬೈಬೇಡ. ಅದು ನೀನೇ."

"ಏನು ನಾನೇ?"

"ಮೂರನೇ ಗೋಲು ಹೋದಾಗ ಎದ್ದು ನಿಂತು ಕೂಗಿದ್ಯಲ್ಲ, ಲೋ, ನಿನ್ ಮಗಳು ಗೋಲ್‌ಕೀಪರ್ರಾ ಜರಡಿನಾ ಅಂತ. ನಿನ್ನ ಗಂಟಲು ಗೊತ್ತಲ್ಲ, ಇಡೀ ಮೈದಾನಕ್ಕೆ ಕೇಳ್ತು. ಮಕ್ಕಳು ಅಲ್ಲೇ ಹಿಡ್ಕೊಂಡ್ರು."

ಸುಳ್ಳು ಎನ್ನಲು ಬಾಯಿ ತೆರೆದೆ. ಆದರೆ ಅದು ನನ್ನದೇ ಮಾತು. ನನ್ನ ಬಾಯಲ್ಲಿ ಸೋರುವುದೆಲ್ಲ ಜರಡಿಯೇ. ತೂತಾದ ಬಕೆಟ್ಟು ಜರಡಿ, ಮಳೆಗೆ ತೊಟ್ಟಿಕ್ಕುವ ಸೂರು ಜರಡಿ, ಹೇಳಿದ್ದನ್ನು ಮರೆಯುವ ಹಾಲಿನವನ ತಲೆ ಜರಡಿ. ದಿನಕ್ಕೆ ಹತ್ತು ಸಲ ಅನ್ನುವ ಮಾತು. ಅಂದದ್ದು ನೆನಪೂ ಇರಲಿಲ್ಲ.

"ಅವಳಿಗೆ ಗೊತ್ತಾ?"

"ಮೊದಲಿಂದ್ಲೂ. ಅತ್ತೆಗೆ ಹೇಳ್ಬೇಡಿ, ಬೇಜಾರು ಮಾಡ್ಕೋತಾರೆ ಅಂತ ನನ್ನ ಕೈಲಿ ಆಣೆ ಹಾಕಿಸ್ಕೊಂಡಿದ್ಳು."

ನಾಲಿಗೆ ಕೀಳುತ್ತೇನೆ ಎಂದಿದ್ದೆನಲ್ಲ. ಅವಳು ಎದುರಿಗೇ ಕೂತು, ತಲೆ ತಗ್ಗಿಸಿ, ನನ್ನನ್ನು ನನ್ನಿಂದಲೇ ಕಾಪಾಡುತ್ತಿದ್ದಳು. ಥೂ ನನ್ನ ಜನ್ಮಕ್ಕೆ! ಅಷ್ಟು ಹೊತ್ತಿಗೆ ಮಕ್ಕಳ ಗಲಾಟೆ ಕೇಳಿಸಿತು.

ಕೇಕನ್ನು ಅಂಗಳದ ಮೇಜಿಗೆ ತಂದಿಟ್ಟೆ. ಮಕ್ಕಳು ಮುತ್ತಿಕೊಂಡರು. ಮುಂದಿನ ಹಲ್ಲು ಬಿದ್ದಿದ್ದ ಹುಡುಗಿಯೊಬ್ಬಳು, "ಗೋಲೆಲ್ಲಿ ಆಂಟಿ?" ಎಂದಳು. ನಾನು ಬಾಯಿ ಬಿಡುವ ಮೊದಲೇ ಹಿಂದಿನಿಂದ ಒಬ್ಬ, "ಇಟ್ಟು ಏನ್ ಪ್ರಯೋಜನ, ಜರಡಿ ಇದಾಳಲ್ಲ!" ಎಂದ. ಎಲ್ಲರೂ ಕಿಸಕ್ಕೆಂದರು. ಪುಟ್ಟಿ ಕೈಯಲ್ಲಿದ್ದ ಚೀಲವನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

"ಎಲ್ಲಾ ಸುಮ್ನಿರ್ರೋ!" ಎಂದು ಮೇಜು ಗುದ್ದಿದೆ. ಸೀಟಿ ಚಾಕೊಲೇಟುಗಳು ಎಗರಿ ಬಿದ್ದವು. "ಆ ಮಾತು ಅಂದಿದ್ದು ನಾನು. ಬುದ್ಧಿ ಇಲ್ಲದೆ ಅಂದೆ. ಒಂದು ಚೆಂಡು ಹಿಡಿದು ಗೊತ್ತಿಲ್ಲದ ಹೆಂಗಸು ನಾನು. ನಂಬಿಕೆ ಇಲ್ವಾ? ಬನ್ನಿ, ನಂಗೆ ಹೊಡೀರಿ."

ಪುಟ್ಟಿಯ ಕಡೆ ಕೈ ಚಾಚಿದೆ. ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಚೀಲ ಕೊಟ್ಟಳು.

ಗ್ಲೌಸು ನನ್ನ ಬೆರಳಿನ ಅರ್ಧಕ್ಕೂ ಬರಲಿಲ್ಲ. ಗೋಡೆಯ ಮುಂದೆ ಎರಡು ಕುರ್ಚಿ ಇಟ್ಟು, ಏಪ್ರನ್ ಸಮೇತ ನಡುವೆ ನಿಂತೆ. ಮೊದಲ ಚೆಂಡು ಕಾಲ ಸಂದಿಯಲ್ಲಿ ಹೋಯಿತು. ಎರಡನೆಯದು ಹೊಟ್ಟೆಗೆ ಬಡಿದು ಒಳಗೆ ಹೋಯಿತು. ಮೂರನೆಯದಕ್ಕೆ ಹಾರಲು ಹೋಗಿ ಕುರ್ಚಿಯೊಂದಿಗೆ ನೆಲಕ್ಕೆ ಬಿದ್ದೆ. ಮಂಡಿ ತರಚಿತು. ಏಳಲು ಒದ್ದಾಡುತ್ತಿದ್ದರೆ ಮಕ್ಕಳೆಲ್ಲ ಕುಣಿಯುತ್ತಾ ಚಪ್ಪಾಳೆ ತಟ್ಟಿದರು.

"ಜರಡಿ ಆಂಟಿ! ಜರಡಿ ಆಂಟಿ!"

ಎಷ್ಟು ಉರಿಯುತ್ತದೆಂದು ಆಗ ಗೊತ್ತಾಯಿತು. ನಲವತ್ತೇಳು ವರ್ಷದವಳಿಗೇ ಕಣ್ಣಲ್ಲಿ ನೀರು ಬಂತು.

"ಬಾಯ್ ಮುಚ್ಚ್ರೋ ಎಲ್ಲಾ! ನಮ್ಮತ್ತೆಗೆ ಹಾಗನ್ಬೇಡಿ!"

ಪುಟ್ಟಿ ಮೂಗಿನ ಹೊಳ್ಳೆ ಅರಳಿಸಿಕೊಂಡು ನುಗ್ಗಿ ಬಂದಳು. ಆ ಗಂಟಲು ನನ್ನದೇ, ಆ ಕೋಪವೂ ನನ್ನದೇ. ನನ್ನ ಮುಂದೆ ಕೂತು, ಒಂದೊಂದೇ ಬೆರಳು ಎಳೆದು ನನ್ನ ಕೈಯಿಂದ ಗ್ಲೌಸು ಬಿಚ್ಚಿಕೊಂಡಳು.

"ಏಳಿ ಅತ್ತೆ, ಆಚೆ ಹೋಗಿ," ಎಂದಳು. ಗ್ಲೌಸು ಹಾಕಿಕೊಂಡು ಕುರ್ಚಿ ಎತ್ತಿ ನಿಲ್ಲಿಸಿ, ನಡುವೆ ನಿಂತಳು. "ಈಗ ಹೊಡೀರೋ."