ಮೂರ್ಗೊಸ್‌ನ ಪಾಲಿನ ಕೊಲಿವ

ಸ್ತಮಾತಿಯಾಳಿಗೆ ಮಧ್ಯಾಹ್ನ ಸಿಗುತ್ತಿದ್ದದ್ದು ನಲವತ್ತೇ ನಿಮಿಷ. ಬಸ್ಸನ್ನು ವೊಲೊಸ್ ಬಂದರಿನ ಬಳಿ ನಿಲ್ಲಿಸಿ, ಏದುಸಿರು ಬಿಡುತ್ತ ಮನೆಗೆ ಓಡಿ, ನಾಯಿಗೆ ಊಟ ಹಾಕಿ, ತಾನು ನಿಂತಲ್ಲೇ ಎರಡು ತುತ್ತು ನುಂಗಿ, ಮತ್ತೆ ಸ್ಟೀರಿಂಗ್ ಹಿಡಿಯಬೇಕು. ಅದಕ್ಕೇ ಭಾನುವಾರವೆಂದರೆ ಅವಳಿಗೆ ನಾಯಿಯ ಅಡುಗೆಯ ದಿನ. ಕೋಳಿ, ಗೋಧಿನುಚ್ಚು, ಕ್ಯಾರೆಟ್, ಒಂದು ಹೋಳು ಕುಂಬಳ. ಎಲ್ಲವನ್ನೂ ಉಪ್ಪಿಲ್ಲದೆ ಬೇಯಿಸಿ, ಖಾಲಿಯಾದ ಏಳು ಮೊಸರಿನ ಡಬ್ಬಿಗಳಿಗೆ ತುಂಬಿ ಫ್ರೀಜರಿಗೆ ಹಾಕಿಬಿಟ್ಟರೆ ವಾರ ಕಳೆಯಿತು. ಬೆಳಿಗ್ಗೆ ಹೊರಡುವಾಗ ಒಂದು ಡಬ್ಬಿ ತೆಗೆದಿಟ್ಟರೆ ಮಧ್ಯಾಹ್ನಕ್ಕೆ ಹದವಾಗಿ ಕರಗಿರುತ್ತಿತ್ತು.

ಈ ಪದ್ಧತಿ ಅವಳದ್ದಲ್ಲ, ಗಂಡ ಅರ್ಗಿರಿಸ್‌ನದು. ಅಂಗಡಿಯ ಪೊಟ್ಟಣದ ತಿಂಡಿ ತಿಂದರೆ ನಾಯಿ ಮೂರ್ಗೊಸ್ ಮೈಯೆಲ್ಲ ಕೆರೆದುಕೊಳ್ಳುತ್ತಿತ್ತು. ಅರ್ಗಿರಿಸ್ ಹೃದಯ ನಿಂತು ತೀರಿಹೋಗಿ ಎರಡು ಚಳಿಗಾಲ ಕಳೆದಿದ್ದವು. ಅವನು ಬಿಟ್ಟುಹೋದದ್ದರಲ್ಲಿ ಇನ್ನೂ ಉಸಿರಾಡುತ್ತಿದ್ದದ್ದು ಈ ಕಂದು ನಾಯಿಯೊಂದೇ. ಅದಕ್ಕೂ ಏನಾದರೂ ಆದರೆ ತಾನು ಎರಡನೇ ಸಲ ವಿಧವೆಯಾದಂತೆ ಎಂದು ಅವಳಿಗೆ ಅನ್ನಿಸುತ್ತಿತ್ತು. ಯಾರ ಬಳಿಯೂ ಹೇಳಿರಲಿಲ್ಲ, ಕೇಳಿದವರು ನಕ್ಕುಬಿಡುತ್ತಾರೆ.

ನಗುವವರಲ್ಲಿ ಮೊದಲನೆಯವರು ಅತ್ತೆ ಪೊಲಿಕ್ಸೇನಿ. ಕೆಳಗಿನ ಮನೆ ಅವರದು, ಮೇಲಿನದು ಸೊಸೆಯದು, ನಡುವಿನ ಅಂಗಳದಲ್ಲಿ ಅತ್ತೆಯ ನಿಂಬೆಮರ. "ನಾಯಿಗೆ ಕೋಳಿಸಾರು, ನಿನಗೆ ಒಣ ಬ್ರೆಡ್ಡು! ಚೆನ್ನಾಗಿದೆ ಕಣೇ ನಿನ್ನ ಸಂಸಾರ" ಎಂದು ಮೂಗು ಮುರಿಯುತ್ತಿದ್ದರು. ಮೂರ್ಗೊಸ್ ಆ ನಿಂಬೆಮರದ ಬುಡದಲ್ಲಿ ಕಾಲೆತ್ತಿತೋ, ಅವರ ಚಪ್ಪಲಿ ಗಾಳಿಯಲ್ಲಿ ಹಾರಿ ಬರುತ್ತಿತ್ತು. ಎಂಟು ವರ್ಷದಿಂದ ಈ ಯುದ್ಧ ನಡೆದೇ ಇತ್ತು.

ಆ ದಿನ ಆತ್ಮಗಳ ಶನಿವಾರ, ಸತ್ತವರನ್ನು ನೆನೆಯುವ ದಿನ. ಪೊಲಿಕ್ಸೇನಿ ಹಿಂದಿನ ದಿನವೇ ಮಗನ ಹೆಸರಿನಲ್ಲಿ ಗೋಧಿ ಬೇಯಿಸಿ, ಸಕ್ಕರೆ, ಬಾದಾಮಿ, ದಾಳಿಂಬೆ, ಒಣದ್ರಾಕ್ಷಿ ಬೆರೆಸಿ ಕೊಲಿವ ಮಾಡಿದ್ದರು. ಬೆಳಿಗ್ಗೆ ಚರ್ಚಿಗೆ ಒಯ್ದು, ಪಾದ್ರಿಯಿಂದ ಓದಿಸಿ, ಸಿಕ್ಕಸಿಕ್ಕವರಿಗೆಲ್ಲ ಹಂಚಿ ಬಂದಿದ್ದರು.

ಮಧ್ಯಾಹ್ನ ಸ್ತಮಾತಿಯಾ ಓಡಿಬಂದಾಗ ಡಬ್ಬಿ ಇಟ್ಟಲ್ಲೇ ಇತ್ತು, ಮುಚ್ಚಳ ಕೂಡ ತೆಗೆದಿರಲಿಲ್ಲ. ಆದರೆ ನಾಯಿಯ ಬಟ್ಟಲನ್ನು ಯಾರೋ ಬಳಸಿದ್ದರು. ನೆಕ್ಕಿ ಫಳಫಳ ಮಾಡಿದ್ದ ಅದರ ಅಂಚಿನಲ್ಲಿ ಒಂದು ದಾಳಿಂಬೆ ಕಾಳು ಅಂಟಿಕೊಂಡಿತ್ತು. ಮೂರ್ಗೊಸ್ ಹೊಟ್ಟೆ ತುಂಬಿದ ಖುಷಿಯಲ್ಲಿ ಬಾಲ ಬಡಿಯಿತು. ಅವಳು ಬಾಲ್ಕನಿಗೆ ಓಡಿ ಕೆಳಗೆ ಬಗ್ಗಿದಳು.

"ಅತ್ತೇ! ಮೂರ್ಗೊಸ್‌ಗೆ ಏನ್ ಹಾಕಿದ್ರಿ?"

ಪೊಲಿಕ್ಸೇನಿ ಅಂಗಳದಿಂದಲೇ ಕತ್ತೆತ್ತಿದರು. "ಯಾಕೆ ಕಿರುಚ್ತೀಯ? ಕೊಲಿವ ಹಾಕ್ದೆ. ಒಂದು ದಿನವಾದ್ರೂ ನೀನು ಕೂತು ಉಣ್ಣು ಅಂತ."

"ದ್ರಾಕ್ಷಿ ಇತ್ತಾ ಅದ್ರಲ್ಲಿ?"

"ದ್ರಾಕ್ಷಿ ಇಲ್ದೆ ಕೊಲಿವ ಆಗುತ್ತೇನೇ? ಕೈತುಂಬ ಹಾಕಿದೀನಿ. ಅರ್ಗಿರಿಸ್‌ಗೆ ಇಷ್ಟ ಅಲ್ವಾ?"

"ದ್ರಾಕ್ಷಿ ನಾಯಿಗೆ ವಿಷ ಅತ್ತೆ! ಕಿಡ್ನಿ ನಿಂತುಹೋಗುತ್ತೆ!"

ಮುದುಕಿಯ ಮುಖದ ಬಣ್ಣವೇ ಇಳಿದುಹೋಯಿತು. ಈರುಳ್ಳಿ ಹಾಕಬೇಡಿ ಎಂದು ಸೊಸೆ ಸಾವಿರ ಸಲ ಹೇಳಿದ್ದಳು. ದ್ರಾಕ್ಷಿಯ ಮಾತು ಮಾತ್ರ ಎತ್ತಿರಲಿಲ್ಲ, ಮನೆಗೆ ದ್ರಾಕ್ಷಿ ಬರುತ್ತಿದ್ದದ್ದೇ ಅಪರೂಪ. ತಪ್ಪು ತನ್ನದೇ ಎಂದು ಸ್ತಮಾತಿಯಾಳಿಗೆ ಆ ಗಳಿಗೆಯಲ್ಲೇ ಹೊಳೆಯಿತು, ಅದರಿಂದ ಭಯ ಇನ್ನಷ್ಟು ಹೆಚ್ಚಿತು.

"ಎಷ್ಟು ಹೊತ್ತಾಯ್ತು ಹಾಕಿ?"

"ಚರ್ಚಿಂದ ಬಂದಮೇಲೆ... ಒಂದು ಗಂಟೆ... ಒಂದೂವರೆ..." ಅವರ ನಾಲಿಗೆ ತೊದಲುತ್ತಿತ್ತು. "ತಟ್ಟೇಲಿ ಸ್ವಲ್ಪ ಉಳಿದಿತ್ತು ಕಣೇ. ಮಂತ್ರಿಸಿದ್ದನ್ನ ಕಸಕ್ಕೆ ಹಾಕೋ ಹಾಗಿಲ್ಲ. ಊರಿಗೆಲ್ಲ ಹಂಚಿದೀನಿ, ಅವನು ಸಾಕಿದ ಇವನಿಗೊಬ್ಬನಿಗೆ ಮಾತ್ರ ಬೇಡ್ವಾ ಅನ್ನಿಸ್ತು. ಇವನೂ ಅವನನ್ನ ಕಳ್ಕೊಂಡಿದಾನಲ್ಲ."

ಅತ್ತೆಯ ಬಾಯಲ್ಲಿ ನಾಯಿಯ ಬಗ್ಗೆ ಇಂಥ ಮಾತು ಅವಳು ಕೇಳಿದ್ದು ಅದೇ ಮೊದಲು. ಆದರೆ ಕೇಳುತ್ತ ನಿಲ್ಲಲು ವೇಳೆ ಎಲ್ಲಿತ್ತು? ಪಶುವೈದ್ಯೆ ಫಿಲಿಯೋ ಎರಡು ಗಂಟೆಗೆ ಬಾಗಿಲು ಹಾಕುತ್ತಿದ್ದಳು. ಇಪ್ಪತ್ತೈದು ಕಿಲೋ ನಾಯಿಯನ್ನು ಎದೆಗವಚಿಕೊಂಡು ಮೆಟ್ಟಿಲಿಳಿದು, ಬೀದಿಯಲ್ಲಿ ಟ್ಯಾಕ್ಸಿ ನಿಲ್ಲಿಸಿ, ಅದನ್ನು ಒಳಗೆ ಮಲಗಿಸುತ್ತಲೇ ಸ್ತಮಾತಿಯಾ ಡಿಪೋಗೆ ಫೋನ್ ಮಾಡಿದಳು. "ನನ್ನ ಬಸ್ಸಿಗೆ ಬೇರೆಯವರನ್ನ ಕಳಿಸಿ. ಕಾರಣ ಆಮೇಲೆ ಹೇಳ್ತೀನಿ, ಬೇಕಾದ್ರೆ ಬೈಯಿರಿ." ಟ್ಯಾಕ್ಸಿಯ ಬಾಗಿಲು ಹಾಕುವಷ್ಟರಲ್ಲಿ ಅತ್ತೆಯೂ ಮನೆಯ ಚಪ್ಪಲಿಯಲ್ಲೇ ಒಳಗೆ ತೂರಿಕೊಂಡರು.

ಫಿಲಿಯೋ ವಾಂತಿ ಮಾಡಿಸುವ ಸೂಜಿ ಚುಚ್ಚಿದಳು. ಮೂರ್ಗೊಸ್ ನಡುಗುತ್ತ ಕಕ್ಕಿತು, ಮತ್ತೆ ಕಕ್ಕಿತು. ಅವಳು ಕೈಗವಸು ಹಾಕಿಕೊಂಡು ಅದನ್ನು ಕೆದಕಿದಳು. ಉಬ್ಬಿದ ದ್ರಾಕ್ಷಿಗಳು ಬಂದಿದ್ದವು. ಎಲ್ಲವೂ ಬಂದಿದ್ದವೇ?

"ಗೊತ್ತಿಲ್ಲ" ಎಂದಳು ಫಿಲಿಯೋ, ಸುಳ್ಳು ಹೇಳುವ ಜಾಯಮಾನದವಳಲ್ಲ. "ಇವತ್ತು ನಾಳೆ ಎರಡೂ ದಿನ ನಿಮಗೋಸ್ಕರ ಬಾಗಿಲು ತೆಗೆದಿಟ್ಟು ಡ್ರಿಪ್ ಹಾಕ್ತೀನಿ, ರಾತ್ರಿ ಮನೆಗೆ ಕರ್ಕೊಂಡು ಹೋಗಿ. ಸೋಮವಾರ ರಕ್ತ ನೋಡೋಣ. ಅಲ್ಲಿವರೆಗೂ ಮೂತ್ರ ನೋಡ್ತಾ ಇರಿ. ಅದು ನಿಂತ್ರೆ ಕಿಡ್ನಿ ಕೈಕೊಟ್ಟಿದೆ ಅಂತ ಅರ್ಥ."

ಭಾನುವಾರ ಒಲೆ ಹೊತ್ತಲಿಲ್ಲ. ಖಾಲಿ ಡಬ್ಬಿಗಳು ತೊಳೆದು ಬೋರಲು ಹಾಕಿದಲ್ಲೇ ಇದ್ದವು. ಅವುಗಳನ್ನು ತುಂಬಿಸಬೇಕೋ ಬೇಡವೋ, ತಿನ್ನುವವನು ಇರುತ್ತಾನೋ ಇಲ್ಲವೋ. ಸಂಜೆ ಮನೆಗೆ ತಂದ ನಾಯಿ ನೀರು ಮುಟ್ಟಲಿಲ್ಲ, ಗೋಡೆಗೆ ಮುಖ ಮಾಡಿ ಮಲಗಿತು. ಅಂಗಳಕ್ಕೆ ಎತ್ತಿಕೊಂಡು ಹೋದರೆ ನಿಂತಿತು, ಸುಮ್ಮನೆ ನಿಂತಿತು, ವಾಪಸು ಬಂತು. ಮೂತ್ರವಿಲ್ಲ. ಅರ್ಗಿರಿಸ್ ಕೂಡ ಕೊನೆಯ ದಿನ ಹೀಗೇ ಗೋಡೆಗೆ ಮುಖ ಮಾಡಿ ಮಲಗಿದ್ದ. ಅವಳು ನೆನಪಿಸಿಕೊಳ್ಳಬಾರದೆಂದುಕೊಂಡಷ್ಟೂ ಅದೇ ನೆನಪಾಯಿತು.

ಅತ್ತೆ ಕೆಳಗೆ ಹೋಗಲೇ ಇಲ್ಲ. ಮೂಲೆಯ ಕುರ್ಚಿಯಲ್ಲಿ ಕೂತು, "ಮಗನ ಹೆಸರಲ್ಲಿ ಮಗನ ನಾಯೀನೇ ಕೊಂದೆನಲ್ಲೇ" ಎಂದು ಒಂದೇ ಮಾತನ್ನು ಗೊಣಗುತ್ತಿದ್ದರು.

"ಸಾಕು ಮಾಡಿ ಅತ್ತೆ. ಇನ್ನೂ ಸತ್ತಿಲ್ಲ ಅವನು."

ಬೈದದ್ದೋ ಸಮಾಧಾನ ಮಾಡಿದ್ದೋ ಅವಳಿಗೇ ತಿಳಿಯಲಿಲ್ಲ.

ಸೋಮವಾರ ಬೆಳಕು ಹರಿಯುವ ಹೊತ್ತಿಗೆ ಸ್ತಮಾತಿಯಾಳಿಗೆ ಕುರ್ಚಿಯಲ್ಲೇ ಜೊಂಪು ಹತ್ತಿತ್ತು. ಕಣ್ಣು ಬಿಟ್ಟಾಗ ನಾಯಿಯ ಹಾಸಿಗೆ ಖಾಲಿ, ಅತ್ತೆಯ ಕುರ್ಚಿಯೂ ಖಾಲಿ. ಬರಿಗಾಲಲ್ಲೇ ಬಾಲ್ಕನಿಗೆ ಓಡಿದಳು.

ಕೆಳಗೆ ಅಂಗಳದ ತಣ್ಣನೆಯ ಕಲ್ಲಿನ ಮೇಲೆ ಪೊಲಿಕ್ಸೇನಿ ಮಂಡಿಯೂರಿದ್ದರು. ಒಂದು ತೋಳು ಮೂರ್ಗೊಸ್‌ನ ಹೊಟ್ಟೆಯನ್ನು ಬಳಸಿತ್ತು, ಇನ್ನೊಂದು ಕೈ ನಿಂಬೆಮರದ ಬುಡವನ್ನು ತೋರಿಸುತ್ತಿತ್ತು.

"ಮಾಡಪ್ಪಾ, ಇಲ್ಲೇ ಮಾಡು, ನನ್ನ ಮರಕ್ಕೇ ಮಾಡು. ಇನ್ಮೇಲೆ ಚಪ್ಪಲಿ ಎಸೆಯಲ್ಲ. ಒಂದೇ ಒಂದು ಸಲ ಕಾಲೆತ್ತೋ, ನಮ್ಮಪ್ಪಾ."

ಮೂರ್ಗೊಸ್ ಅವರ ಮುಖವನ್ನು ಅನುಮಾನದಿಂದ ನೋಡಿತು. ಎಂಟು ವರ್ಷದ ಪೆಟ್ಟು ಅಷ್ಟು ಸುಲಭಕ್ಕೆ ಮರೆಯುತ್ತದೆಯೇ? ಮರವನ್ನು ಮೂಸಿತು. ಒಂದು ಸುತ್ತು ಬಂತು. ಆಮೇಲೆ ನಡುಗುವ ಹಿಂಗಾಲನ್ನು ಎತ್ತಿತು, ಮತ್ತು ನಿಲ್ಲಿಸಲೇ ಇಲ್ಲ. ಮುದುಕಿಯ ಕಪ್ಪು ಸ್ಕರ್ಟಿನ ಅಂಚು ಒದ್ದೆಯಾಯಿತು. ಅವರು ಸರಿದುಕೊಳ್ಳಲೂ ಇಲ್ಲ, ಕೂತಲ್ಲೇ ಮೂರು ಸಲ ಶಿಲುಬೆಯ ಗುರುತು ಹಾಕಿಕೊಂಡು, ಬೀದಿಗೆಲ್ಲ ಕೇಳುವಂತೆ ಕೂಗಿದರು:

"ಹೊಯ್ದ ಕಣೇ! ಸ್ತಮಾತಿಯಾ, ಒಲೆ ಹಚ್ಚೇ!"