ಬಾಳವ್ವನ ತಕ್ಕಡಿಗೆ ಒದಗಿದ ಕೊನೆಯ ಸೇಬಿನ ಕಾಲ

ನಾನು ಒಂದು ತಕ್ಕಡಿ. ಹುಟ್ಟಿದ್ದು ಗದಗಿನ ಒಬ್ಬ ಕಮ್ಮಾರನ ಕುಲುಮೆಯಲ್ಲಿ. ಕಬ್ಬಿಣದ ದಂಡಿಗೆ, ಅದರ ಎರಡು ತುದಿಗೆ ಸರಪಳಿ, ಸರಪಳಿಗೆ ತಟ್ಟೆ, ನಡುವೆ ಒಂದು ಮುಳ್ಳು. ಕಮ್ಮಾರ ನನ್ನನ್ನು ಕುಟ್ಟಿ, ಅರದಿಂದ ಉಜ್ಜಿ, ಕೊನೆಗೆ ಎತ್ತಿ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ. ಮುಳ್ಳು ನೆಟ್ಟಗೆ ನಿಂತಿತು. ಅಂದಿನಿಂದ ನನಗೆ ಸ್ವಲ್ಪ ಜಂಬ. ಅದನ್ನು ಮುಚ್ಚಿಡುವುದಿಲ್ಲ.

ನನ್ನನ್ನು ಮೊದಲು ಕೊಂಡವನು ಬೆಲ್ಲದ ವ್ಯಾಪಾರಿ. ತೂಗುವಾಗ ತಟ್ಟೆಯ ಅಂಚಿಗೆ ಹೆಬ್ಬೆರಳು ತಾಗಿಸುವ ಚಟ ಅವನಿಗೆ. ಆರು ವರ್ಷ ಅವನ ಹೆಬ್ಬೆರಳನ್ನೂ ಬೆಲ್ಲದ ಜೊತೆಗೇ ತೂಗಿ ಸಾಕಾಗಿತ್ತು. ಅವನು ಅಂಗಡಿ ಮುಚ್ಚಿದ ದಿನ ಹಣ್ಣು ಮಾರುವ ಬಾಳವ್ವ ಬಂದು ನನ್ನನ್ನು ಎತ್ತಿಕೊಂಡು ಹೋದಳು. ಒಂದು ಕೈಯಲ್ಲಿ ನನ್ನನ್ನು ಎತ್ತಿ, ಇನ್ನೊಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ತೂಗುವವಳು ಅವಳು. ಗಿರಾಕಿಗಳಿಗೆ ಕಾಣಲಿ ಅಂತಲೇ ಹಾಗೆ. ನಾನು ಸುಲಭಕ್ಕೆ ಯಾರನ್ನೂ ಮೆಚ್ಚುವ ಪೈಕಿ ಅಲ್ಲ, ಆದರೆ ಬಾಳವ್ವನನ್ನು ಮೊದಲ ದಿನವೇ ಮೆಚ್ಚಿದೆ.

ಬೇಸಿಗೆಗೆ ಮಾವು, ಮಳೆಗಾಲಕ್ಕೆ ಪೇರಲ, ವರ್ಷವಿಡೀ ಬಾಳೆ. ಗಣಪತಿ ಹಬ್ಬ ಮುಗಿದು ದೀಪಾವಳಿ ಬರುವವರೆಗೆ ಮಾತ್ರ ಸೇಬಿನದೇ ದರ್ಬಾರು. ದೂರದ ಹಿಮಾಚಲದಿಂದ ಬರುವ ಪೆಟ್ಟಿಗೆಗಳನ್ನು ಬಾಳವ್ವ ತಾನೇ ಬಿಚ್ಚುತ್ತಿದ್ದಳು. ಒಂದೊಂದೇ ಹಣ್ಣಿನ ಕಾಗದ ಬಿಡಿಸಿ, ಹಳೆ ಧೋತರದ ತುಂಡಿನಿಂದ ಉಜ್ಜಿ ಹೊಳಪು ಬರಿಸಿ, ಬುಟ್ಟಿಯಲ್ಲಿ ಗೋಪುರದ ಹಾಗೆ ಪೇರಿಸುತ್ತಿದ್ದಳು. ಸೇಬು ಕೈ ಜಾರಿ ಬಿದ್ದರೆ ಸಂಜೆಯೊಳಗೆ ಪೆಟ್ಟು ಬಿದ್ದ ಜಾಗ ಕಂದುಗಟ್ಟುತ್ತದೆ. ಗಿರಾಕಿ ಯಾರಾದರೂ ಹಣ್ಣನ್ನು ಬುಟ್ಟಿಗೆ ಎಸೆದರೆ ಬಾಳವ್ವನ ಬಾಯಿಗೆ ಸಿಕ್ಕಿಬೀಳುತ್ತಿದ್ದರು. "ಒಗೀಬ್ಯಾಡ್ರಿ, ಕೂಸಿನ್ನ ಮಲಗಿಸಿದಂಗ ಇಡ್ರಿ" ಅನ್ನುತ್ತಿದ್ದಳು.

ಅವಳ ಮಗನಿಗೆ ಒಬ್ಬಳು ಮಗಳು, ಕಸ್ತೂರಿ. ಆ ವರ್ಷ ನಾಲ್ಕು ತುಂಬಿತ್ತು. ಹುಟ್ಟುವಾಗಲೇ ಏನೋ ತೊಂದರೆಯಾಗಿ ಅವಳ ಬಲಗೈ ಸದಾ ಮುಷ್ಟಿ ಕಟ್ಟಿಕೊಂಡಿರುತ್ತಿತ್ತು. ಹುಬ್ಬಳ್ಳಿಯ ಡಾಕ್ಟರಮ್ಮ ನೋಡಿ, "ಸಾಲಿಗೆ ಹೆಸರು ಹಚ್ಚೂದ್ರೊಳಗ ಈ ಕೈ ತಾನಾಗೇ ಬಿಚ್ಚೂದು ಕಲೀಬೇಕು. ಇಲ್ಲಂದ್ರ ಬೆರಳು ಹಿಂಗ ಗಟ್ಟಿಯಾಗಿ ಕೂಡ್ತಾವ. ಔಷಧಕ್ಕಿಂತ ಆಟ ಮುಖ್ಯ. ಮನ್ಯಾಗ ದಿನಾ ಆಡಸ್ರಿ" ಎಂದಿದ್ದರಂತೆ. ಕಸ್ತೂರಿಯ ತಾಯಿ ಗಿರಿಜಾ ಅದನ್ನು ಹೇಳುತ್ತಾ ಅತ್ತಳು. ಬಾಳವ್ವ ಅಳಲಿಲ್ಲ. ಮರುದಿನ ಬೆಳಿಗ್ಗೆ ಒಂದು ಪೆಟ್ಟಿಗೆ ಸೇಬನ್ನು ಮಾರ್ಕೆಟ್ಟಿಗೆ ಒಯ್ಯದೆ ಮನೆಯಲ್ಲೇ ಉಳಿಸಿಕೊಂಡಳು. ನನ್ನನ್ನೂ ಪಡಸಾಲೆಯ ಕೊಂಡಿಗೆ ತೂಗುಹಾಕಿದಳು.

ಬಾಳವ್ವನಿಗೆ ಮಕ್ಕಳ ಆಟ ಯಾವುದೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಸೇಬು ಒಂದೇ. ತನ್ನ ಕಸುಬನ್ನೇ ಆಟ ಮಾಡಿದಳು. ಮೊಮ್ಮಗಳ ಎಡಗೈಯನ್ನು ತನ್ನ ಸೆರಗಿನಲ್ಲಿ ಸುತ್ತಿ, "ಇದು ಮಲಕೊಂಡೈತಿ. ಇವತ್ತು ಬಲಗೈ ರಾಣೀದ ಕಾರಬಾರ" ಎಂದಳು. ಆ ಬಲಗೈ ಸೇಬಿನ ಕಾಗದ ಹರಿಯಬೇಕು, ಹಣ್ಣು ಉಜ್ಜಬೇಕು, ಕೆಂಪನ್ನು ಒಂದು ಕಡೆ, ಹಳದಿಯನ್ನು ಇನ್ನೊಂದು ಕಡೆ ಸೇರಿಸಬೇಕು. ಒಂದು ದಿನ ಹಣ್ಣನ್ನು ಅಡ್ಡಕ್ಕೆ ಕೊಯ್ದು ತೋರಿಸಿದಳು. ಒಳಗೆ ಐದು ಮೂಲೆಯ ನಕ್ಷತ್ರ. ಕಸ್ತೂರಿ ಬಾಯಿ ಬಿಟ್ಟುಕೊಂಡು ನೋಡಿದಳು. ಆಮೇಲೆ ಆ ಹೋಳನ್ನು ಕುಂಕುಮದ ನೀರಿನಲ್ಲಿ ಅದ್ದಿ ಹಳೆ ಪೇಪರಿನ ಮೇಲೆ ಒತ್ತಿದ್ದೇ ಒತ್ತಿದ್ದು. ಮನೆಯ ಗೋಡೆಯೂ ಉಳಿಯಲಿಲ್ಲ. ಗಿರಿಜಾ ಗೊಣಗಿದರೆ ಬಾಳವ್ವ, "ಗ್ವಾಡಿ ತೊಳದರ ಹೋಗ್ತೈತಿ, ಸುಮ್ಮನಿರು" ಅಂದಳು.

ನನ್ನ ಪಾಳಿ ಕೊನೆಯದು. ಒಂದು ತಟ್ಟೆಯಲ್ಲಿ ಸೇಬು, ಇನ್ನೊಂದರಲ್ಲಿ ಕಸ್ತೂರಿಯ ಚಪ್ಪಲಿ, ಬಳೆ, ಬೆಂಕಿಪೊಟ್ಟಣ. ಯಾವುದು ಭಾರ, ಯಾವುದು ಹಗುರ? ಸರ್ಕಾರಿ ಮುದ್ರೆ ಇದ್ದ ನಾನು ಚಪ್ಪಲಿ ತೂಗುವ ಗತಿಗೆ ಬಂದೆನಲ್ಲ ಅಂತ ಮೊದಲು ಮುಖ ಊದಿಸಿಕೊಂಡಿದ್ದೆ. ಕಸ್ತೂರಿ ಕೇಕೆ ಹಾಕಿ ನಗುವುದನ್ನು ಕೇಳಿ ಸರಿಹೋದೆ.

ಆದರೆ ಒಂದು ಸಂಗತಿ ನನಗೆ ಮಾತ್ರ ತಿಳಿಯುತ್ತಿತ್ತು. ಸೇಬಿನ ಪೂರ್ತಿ ಭಾರ ಕಸ್ತೂರಿಯ ಕೈಯಿಂದ ನನಗೆ ಒಮ್ಮೆಯೂ ಸಿಗುತ್ತಿರಲಿಲ್ಲ. ಅವಳ ಮುಷ್ಟಿ ಹಣ್ಣನ್ನು ಕಚ್ಚಿ ಹಿಡಿಯುತ್ತಿತ್ತು, ಬಿಡುತ್ತಿರಲಿಲ್ಲ. ಎಲ್ಲಿ ಬಿದ್ದೀತೋ ಅಂತ ಬಾಳವ್ವ ಕೆಳಗೆ ತನ್ನ ಅಂಗೈ ಒಡ್ಡಿ, ಇನ್ನೊಂದು ಕೈಯಿಂದ ಮೊಮ್ಮಗಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಹಣ್ಣನ್ನು ತಾನೇ ತಟ್ಟೆಗಿಡುತ್ತಿದ್ದಳು. ಜೀವಮಾನದ ಅಭ್ಯಾಸ, ಅವಳ ಅರಿವಿಗೇ ಬಂದಿರಲಿಲ್ಲ. ನಾನು ಮುಳ್ಳು ಅಲ್ಲಾಡಿಸಿ ಹೇಳಲು ನೋಡಿದೆ. ತಕ್ಕಡಿಯ ಮಾತನ್ನು ತೂಕದ ಹೊರತು ಬೇರೆ ವಿಷಯದಲ್ಲಿ ಯಾರು ಕೇಳುತ್ತಾರೆ?

ತಿಂಗಳಾದ ಮೇಲೆ ಹುಬ್ಬಳ್ಳಿಗೆ ಹೋಗಿ ಬಂದರು. ಬಾಳವ್ವ ಚಪ್ಪಲಿ ಕಳಚದೆ ಕಟ್ಟೆಯ ಮೇಲೆ ಕೂತುಬಿಟ್ಟಳು. "ಹಿಡಿಯೂದು ಗಟ್ಟಿ ಆಗೈತಂತ. ಬಿಡೂದು ಒಂದೀಟೂ ಬಂದಿಲ್ಲಂತ" ಎಂದಳು. ಅವಳ ದನಿ ಅಷ್ಟು ಇಳಿದದ್ದನ್ನು ನಾನು ಎಂದೂ ಕೇಳಿರಲಿಲ್ಲ. ನನಗೆ ನಿಜವಾಗಿಯೂ ದುಃಖವಾಯಿತು.

ಆಯುಧಪೂಜೆಯ ದಿನ ಬೆಳಿಗ್ಗೆ ನನಗೆ ವಿಭೂತಿ ಹಚ್ಚಿ, ಹೂವು ಏರಿಸಿ, ಬಾಳವ್ವ ಮತ್ತೆ ಪೆಟ್ಟಿಗೆ ಎಳೆದಳು. ಹೊರಗೆ ಓಣಿಯ ಹುಡುಗಿಯರು ಕುಂಟಾಬಿಲ್ಲೆ ಆಡುತ್ತಿದ್ದರು. ಕಸ್ತೂರಿಗೆ ಅಲ್ಲಿಗೆ ಹೋಗುವ ಆಸೆ. ಎಡಗೈ ಸೆರಗಿನಲ್ಲಿ ಸೆರೆ, ಬಲಗೈಯಲ್ಲಿ ಸೇಬು.

"ಇನ್ನೊಂದು ಸಲ, ನನ್ನವ್ವ" ಎಂದಳು ಬಾಳವ್ವ.

"ಒಲ್ಲೆ ಆಯಿ."

"ಒಂದ ಒಂದು. ಮೆಲ್ಲಕ ಇಡು, ಬೀಳಸಬ್ಯಾಡ."

ಕಸ್ತೂರಿಯ ಮುಖ ಸೇಬಿಗಿಂತ ಕೆಂಪಾಯಿತು. ತೋಳು ಹಿಂದಕ್ಕೆ ಹೋಯಿತು. ಮರುಕ್ಷಣ ಹಣ್ಣು ಬಂದು ಅಜ್ಜಿಯ ಬಾಯಿಗೇ ಬಡಿಯಿತು. ಮೊದಲೇ ಅಲ್ಲಾಡುತ್ತಿದ್ದ ಮುಂದಿನ ಹಲ್ಲು ಕಿತ್ತು ಬಂತು. ಒಳಗಿನಿಂದ ಓಡಿ ಬಂದ ಗಿರಿಜಾ ಮಗಳಿಗೆ ಹೊಡೆಯಲು ಕೈ ಎತ್ತಿದಳು. ಬಾಳವ್ವ ಅವಳ ಕೈ ಹಿಡಿದಳು. ತುಟಿಯಲ್ಲಿ ರಕ್ತ, ಕಣ್ಣು ಮಾತ್ರ ಮೊಮ್ಮಗಳ ಬಲಗೈಯ ಮೇಲೆ. ಐದು ಬೆರಳೂ ಬಿಚ್ಚಿದ್ದವು. ಯಾರೂ ಬಿಡಿಸಿರಲಿಲ್ಲ.

"ಬಡೀಬ್ಯಾಡ" ಎಂದಳು ಬಾಳವ್ವ. ಇನ್ನೊಂದು ಸೇಬು ತೆಗೆದು ಅದೇ ಕೈಗೆ ಕೊಟ್ಟಳು. "ಒಗಿ."

ಕಸ್ತೂರಿ ತಾಯಿಯ ಮುಖ ನೋಡಿದಳು, ಅಜ್ಜಿಯ ಮುಖ ನೋಡಿದಳು.

"ಒಗಿ ಮಗಳ. ಎಲ್ಲೆರ ಒಗಿ."

ಮೂವತ್ತು ವರ್ಷ ಒಂದು ಸೇಬನ್ನೂ ನೆಲಕ್ಕೆ ಬೀಳಗೊಡದ ಹೆಂಗಸು ಅವತ್ತು ಪೆಟ್ಟಿಗೆಯ ಹಣ್ಣನ್ನೆಲ್ಲ ಒಂದೊಂದಾಗಿ ಎತ್ತಿ ಕೊಟ್ಟಳು. ಕೆಲವು ಕಾಲ ಬುಡದಲ್ಲೇ ಬಿದ್ದವು, ಕೆಲವು ಗೋಡೆಗೆ ಬಡಿದವು. ಒಂದು ನೆಟ್ಟಗೆ ನನಗೇ ತಾಗಿತು. ಕೊಂಡಿ ಕಳಚಿ ಕಲ್ಲುಹಾಸಿನ ಮೇಲೆ ಬಿದ್ದೆ. ಮುಳ್ಳು ಬಾಗಿತು. ಬಿದ್ದಲ್ಲಿಂದಲೇ ಬಾಳವ್ವನನ್ನು ನೋಡಿದೆ. ಸೆರಗು ಬಿಚ್ಚಿಹೋಗಿತ್ತು, ರಕ್ತದ ಬಾಯಲ್ಲೇ ನಗುತ್ತಾ ಪೆಟ್ಟಿಗೆಯ ತಳ ಕೆದಕುತ್ತಿದ್ದಳು. ಅಂಥ ಹೆಂಗಸಿನ ಕೈಯಲ್ಲಿ ಬಾಳಿದ್ದಕ್ಕೆ ನನಗೆ ಅಂದು ಹೆಮ್ಮೆಯೆನಿಸಿತು. ಪೆಟ್ಟು ಬಿದ್ದ ಹಣ್ಣನ್ನೆಲ್ಲ ಗಿರಿಜಾ ಬೆಲ್ಲ ಹಾಕಿ ಕುದಿಸಿದಳು. ಇಡೀ ಓಣಿಗೆ ಹಂಚಿದರು.

ಬಾಗಿದ ಮುಳ್ಳಿಗೆ ಮತ್ತೆ ಸರ್ಕಾರಿ ಮುದ್ರೆ ಸಿಗಲಿಲ್ಲ. ಮಾರ್ಕೆಟ್ಟಿಗೆ ಹೊಸ ತಕ್ಕಡಿ ಬಂತು, ಆಮೇಲೆ ಕರೆಂಟಿನದು ಬಂತು. ನಾನು ಪಡಸಾಲೆಯ ಮೂಲೆಯಲ್ಲಿ ಮೊಳೆಗೆ ನೇತಾಡುತ್ತಿದ್ದೇನೆ. ಒಂದು ತಟ್ಟೆಯಲ್ಲಿ ಬೆಳ್ಳುಳ್ಳಿ, ಇನ್ನೊಂದರಲ್ಲಿ ಬೀಗದ ಕೈ. ಸರಿ ತೂಗಿದ್ದಕ್ಕೆ ಹೊಗಳಿಸಿಕೊಂಡು ಬದುಕಿದವನು ನಾನು. ಕೆಟ್ಟುಹೋದದ್ದಕ್ಕೂ ಒಂದು ಬೆಲೆ ಇರುತ್ತದೆ ಅಂತ ಮುಪ್ಪಿನಲ್ಲಿ ತಿಳಿಯಿತು.

ಕಸ್ತೂರಿ ಈಗ ಕಾಲೇಜಿಗೆ ಹೋಗುತ್ತಾಳೆ. ಬರೆಯುವುದು ಎಡಗೈಯಿಂದಲೇ. ಬಲಗೈಯ ಕಿರುಬೆರಳು ಇನ್ನೂ ಬಾಗಿದೆ, ಚಳಿಗೆ ಮುಷ್ಟಿ ಬಿಗಿಯುತ್ತದೆ. ಆದರೂ ಅದೇ ಕೈಯಿಂದ ತುಂಬಿದ ಕೊಡ ಇಳಿಸುತ್ತಾಳೆ, ಬಸ್ಸಿನ ಕಂಬಿ ಹಿಡಿಯುತ್ತಾಳೆ, ಇಳಿಯುವಾಗ ತಾನೇ ಬಿಡುತ್ತಾಳೆ.

ಬಾಳವ್ವನಿಗೆ ಎಪ್ಪತ್ತೈದು ದಾಟಿದೆ. ಕಟ್ಟೆಯ ಮೇಲೆ ಕೂತಿರುತ್ತಾಳೆ. ಹಲ್ಲು ಕಟ್ಟಿಸೋಣ ಅಂತ ಮಗ ಎಷ್ಟೋ ಸಲ ಕರೆದ, ಒಪ್ಪಲಿಲ್ಲ. ಬಂದವರು ಯಾರಾದರೂ, "ಏನ ಬಾಳವ್ವ, ಮುಂದಿನ ಹಲ್ಲ ಎಲ್ಲಿ ಹೋತು?" ಎಂದು ಕೇಳುವುದನ್ನೇ ಕಾಯುತ್ತಿರುತ್ತಾಳೆ.

"ನನ್ನ ಮೊಮ್ಮಗಳು ಹೊಡದು ಕೆಡವ್ಯಾಳ" ಎನ್ನುತ್ತಾಳೆ.

ಅವರು ಅಯ್ಯೋ ಎನ್ನುವ ಮೊದಲೇ ಮುಂದಕ್ಕೆ ಬಾಗುತ್ತಾಳೆ.

"ಯಾವ ಕೈಲೆ ಅಂತ ಕೇಳ್ರಿ."